ಬೇವಿನ ನೆರಳು ಬಿಟ್ಟು ಗೀಟಿಗೆ ಬಂದ ಸೈಕಲ್

ಸೈಕಲ್ ಇದ್ದ ಅಣ್ಣಗಳಿರಾ, ಸೈಕಲ್ ಇದ್ದವರ ಮನೆಯ ಅಕ್ಕಗಳಿರಾ, ನಿಮಗೊಂದು ಪ್ರಶ್ನೆ. ಚೌಕದ ಕಟ್ಟೆಯ ಮೇಲೆ ನಿಂತ ಪೊಲೀಸಿನವನು ಹೋಗಿರಿ ಎಂದು ಯಾರಿಗೆ ಕೈ ಮಾಡುತ್ತಾನೆ? ಮೋಟಾರಿಗೆ ಮಾಡುತ್ತಾನೆ. ಟಾಂಗಾಕ್ಕೆ ಮಾಡುತ್ತಾನೆ. ಟಿಕೋಟಾದಿಂದ ಜೋಳ ಹೇರಿಕೊಂಡು ಬಂದ ಎತ್ತಿನ ಗಾಡಿಗೂ ಮಾಡುತ್ತಾನೆ. ಸೈಕಲ್ಲಿಗೆ ಮಾತ್ರ ಇಲ್ಲ. "ಅವಗ ನಮ್ಮ ಮ್ಯಾಲ ಸಿಟ್ಟು" ಅನ್ನುತ್ತೀರಿ ನೀವು. ದಶರಥನೂ ಹಾಗೇ ಅನ್ನುತ್ತಿದ್ದ. ಮೊದಲು ಅವನ ಕಥೆ ಕೇಳಿರಿ, ಆಮೇಲೆ ಪೊಲೀಸಿನವನನ್ನು ಬೈಯುವಿರಂತೆ.

ಸ್ವಾತಂತ್ರ್ಯ ಬಂದ ಮೇಲಿನ ಎರಡನೆಯ ಬೇಸಿಗೆ ಅದು. ದಶರಥ ವಿಜಾಪುರದ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಮನೆ ಗಾಂಧಿ ಚೌಕದ ಈ ಕಡೆ, ಗಿರಣಿ ಆ ಕಡೆ. ಬೆಳಗ್ಗೆ ಗಿರಣಿಯ ಭೋಂಗಾ ಕೂಗಿತೆಂದರೆ ಬಾಗಿಲು ಮುಚ್ಚಿತು, ಅಂದಿನ ಕೆಲಸ ಹೋಯಿತು. ನಡೆದು ಸಾಕಾಗಿ ಅವನು ಒಂದು ಹಳೆಯ ಸೈಕಲ್ ತಂದಿದ್ದ. ಹೆಂಡತಿ ಸತ್ಯವ್ವ ಅದಕ್ಕೆ ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿದ್ದಳು. ಅವರ ಕೇರಿಗೆ ಬಂದ ಮೊದಲ ಸೈಕಲ್ ಅದು, ಅವಳ ಹೆಮ್ಮೆ ಕೇಳಬೇಡಿ.

ಆದರೆ ಸೈಕಲ್ ಬಂದ ಮೇಲೂ ದಶರಥನಿಗೆ ತಡವಾಗುವುದು ತಪ್ಪಲಿಲ್ಲ. ಚೌಕಕ್ಕೆ ಬಂದು ನಿಂತರೆ ಪೊಲೀಸಿನವನ ಕೈ ಇವನ ಕಡೆ ತಿರುಗುವುದೇ ಇಲ್ಲ. ಅಡ್ಡ ರಸ್ತೆಯ ಗಾಡಿಗಳು ಹೋಗುತ್ತಲೇ ಇರುತ್ತವೆ. ಎರಡು ಸಲ ಗಿರಣಿಯ ಬಾಗಿಲು ಅವನ ಮೂಗಿನ ಮುಂದೆಯೇ ಮುಚ್ಚಿತು. ಮೂರನೆಯ ಸಲ ತಾಳ್ಮೆ ಕೆಟ್ಟು, ಕೈ ಬರುವ ಮೊದಲೇ ನುಗ್ಗಿದ. ಎದುರಿಗೆ ರಸೂಲಸಾಬನ ಟಾಂಗಾ ಬಂತು. ರಸೂಲಸಾಬ ಲಗಾಮು ಎಳೆದು ಕುದುರೆಯನ್ನು ತಡೆದದ್ದರಿಂದ ಜೀವ ಉಳಿಯಿತು, ಮೊಣಕಾಲಿನ ಚರ್ಮ ಮಾತ್ರ ಕಿತ್ತುಹೋಯಿತು. ಕುಂಟುತ್ತ ಗಿರಣಿಗೆ ಹೋದವನಿಗೆ ಅಲ್ಲಿ ಕೆಲಸ ನೋಡಿಕೊಳ್ಳುವ ಮುಕಾದಮ, "ಇನ್ನೊಮ್ಮೆ ತಡಾ ಆತಂದ್ರ ಈ ಕಡಿ ಮಾರಿ ತೋರಿಸಬ್ಯಾಡ" ಎಂದ.

ಮನೆಯಲ್ಲಿ ಸತ್ಯವ್ವ ಅರಿಶಿನ ಹಚ್ಚುತ್ತ ಅತ್ತಳು, ಹಚ್ಚಿ ಮುಗಿದ ಮೇಲೆ ಬೈದಳು.

"ಮಾರ್ರಿ ಆ ಸೈಕಲ್ಲ! ಕಾಲು ಮುರಕೊಂಡ ಕುಂತ್ರ ಯಾರು ಬರ್ತಾರ?"

"ನಡಕೋತ ಹ್ವಾದ್ರ ಭೋಂಗಾ ಸಿಗಂಗಿಲ್ಲ ಬೇ. ಸೈಕಲ್ ಮ್ಯಾಲ ಹ್ವಾದ್ರ ಆ ಪೊಲೀಸಪ್ಪ ಬಿಡಂಗಿಲ್ಲ. ನಾ ಏನ ಮಾಡ್ಲಿ?"

"ಅವಗ ಕಣ್ಣ ಇಲ್ಲೇನು?"

"ಕಣ್ಣ ಅದಾವ. ನಮ್ಮಂಥವರು ಅದ್ರಾಗ ಬೀಳಂಗಿಲ್ಲ."

ಈ ಮಾತು ಸತ್ಯವ್ವನ ಎದೆಗೆ ನಾಟಿತು. ಅವಳು ಚೌಕದ ಮೂಲೆಯಲ್ಲಿ ಕುಳಿತು ಕಸ ಗುಡಿಸುವ ಬಾರಿಗೆ ಮಾರುವವಳು. ಮರುದಿನ ರವಿವಾರ, ಗಿರಣಿಗೆ ಸೂಟಿ. ಗಂಡನನ್ನೂ ಸೈಕಲ್ಲನ್ನೂ ಹೊರಡಿಸಿಕೊಂಡು ನೇರವಾಗಿ ಚೌಕಕ್ಕೆ ಬಂದಳು. ಕಟ್ಟೆಯ ಮೇಲೆ ಪೊಲೀಸ್ ಖಂಡಪ್ಪ ಛತ್ರಿಯ ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದ. ಸತ್ಯವ್ವ ಕೈಯಲ್ಲಿದ್ದ ಬಾರಿಗೆಯನ್ನೇ ಎತ್ತಿ ತೋರಿಸಿ ಕೇಳಿದಳು.

"ಏನೋ ಯಪ್ಪಾ, ಮೋಟಾರದವರಿಗೆ ಸಲಾಮು, ಸೈಕಲ್ದವರಿಗೆ ಗುಲಾಮಗಿರಿ? ನಮ್ಮ ಮನಿಯವರು ನಿನ್ನ ಕಣ್ಣಿಗೆ ಮನಷಾರಾಗಿ ಕಾಣಂಗಿಲ್ಲೇನು?"

ಖಂಡಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗಾಬರಿ ಬಂತು. "ಯವ್ವಾ, ನಾ ಯಾವ ಸೈಕಲ್ಲನ್ನೂ ತಡದಿಲ್ಲ. ಆ ರಸ್ತಾದಾಗ ಮಂದಿ ನಿಂತದ್ದು ಕಂಡ್ರ ಕೈ ತಿರಗಸ್ತೀನಿ. ಕಾಣದಿದ್ರ ಹೆಂಗ ತಿರಗಸ್ಲಿ?"

ಅಷ್ಟರಲ್ಲಿ ರಸೂಲಸಾಬ ಟಾಂಗಾ ಇಳಿದು ಬಂದ. ಹಿಂದಿನ ದಿನ ತನ್ನ ಕುದುರೆಯ ಕಾಲಡಿ ಒಂದು ಜೀವ ಹೋಗುವುದರಲ್ಲಿತ್ತಲ್ಲ, ಅವನಿಗೂ ನಿದ್ದೆ ಬಂದಿರಲಿಲ್ಲ.

"ಜಗಳಾ ಯಾಕ್ರಿ? ದಶರಥ, ನೀ ದಿನಾ ಎಲ್ಲಿ ನಿಂದರತೀಯೋ ಅಲ್ಲೇ ಹೋಗಿ ನಿಂದರು. ತಂಗೆವ್ವಾ, ನೀ ಕಟ್ಟಿ ಹತ್ತಿ ನೋಡು. ಪೊಲೀಸನ ಜಾಗಾದಾಗ ನಿಂತ ನೋಡಿದ್ರ ಖರೆ ಯಾವುದು ಸುಳ್ಳ ಯಾವುದು ಗೊತ್ತಾಗ್ತದ."

ಪೊಲೀಸಿನವನ ಕಟ್ಟೆಯನ್ನು ಹೆಂಗಸು ಹತ್ತುವುದೇ? ಚೌಕದ ಮಂದಿ ಬಾಯಿ ತೆರೆದು ನೋಡಿದರು. ಸತ್ಯವ್ವ ಸೆರಗು ಸಿಕ್ಕಿಸಿಕೊಂಡು ಹತ್ತಿಯೇ ಬಿಟ್ಟಳು.

ಹತ್ತಿ ನೋಡಿದಳು. ಎತ್ತಿನ ಗಾಡಿ ಕಂಡಿತು. ಬಬಲೇಶ್ವರದ ಕಡೆಯಿಂದ ಬಂದ ಬಾಡಿಗೆ ಮೋಟಾರು ಕಂಡಿತು. ಬೇವಿನ ಮರ, ಅದರ ಬುಡದ ಅರವಟಿಗೆ, ನೀರಿನ ಹರವಿ ಎಲ್ಲ ಕಂಡವು. ಕಟ್ಟಿಕೊಂಡ ಗಂಡ ಮಾತ್ರ ಕಾಣಲಿಲ್ಲ. ಕಣ್ಣುಜ್ಜಿ ನೋಡಿದಳು, ಇಲ್ಲ. ಬಗ್ಗಿ ನೋಡಿದಳು, ಇಲ್ಲವೇ ಇಲ್ಲ.

ಕೂಗಿ ಕರೆಯಬೇಕು. ಆದರೆ ಗಂಡನ ಹೆಸರು ಹೇಳುವ ಹಾಗಿಲ್ಲವಲ್ಲ! ಮದುವೆಯಲ್ಲಿ ಪ್ರಾಸದ ಒಡಪು ಕಟ್ಟಿ, ಅದರೊಳಗೆ ಸೇರಿಸಿ ಒಮ್ಮೆ ಹೇಳಿದ್ದಳು, ಅಷ್ಟೇ. ಏನು ಮಾಡುವುದು? ಸತ್ಯವ್ವ ಕೈ ಬಾಯಿಗೆ ಹಿಡಿದು ಕೂಗಿದಳು: "ಏ ಸೈಕಲ್ದವರೇ! ಎಲ್ಲಿ ಅದೀರಿ? ಹೊರಗ ಬರ್ರಿ!"

ಆಗ ನೋಡಬೇಕಿತ್ತು ನೀವು. ಬೇವಿನ ಮರದ ಹಿಂದಿನಿಂದ ಒಬ್ಬ ಬಂದ. ಅರವಟಿಗೆಯ ತಟ್ಟಿಯ ಸಂದಿಯಿಂದ ಇನ್ನೊಬ್ಬ. ಗಾಡಿಯ ಮೇವಿನ ಹೊರೆಯ ಮರೆಯಿಂದ ಮತ್ತೊಬ್ಬ. ಸಾಲಾಗಿ ಸೈಕಲ್ಲಿನವರು ಹೊರಬಂದರು. ಕಟ್ಟಕಡೆಗೆ ದಶರಥ ಬಂದ. ಖಂಡಪ್ಪ ಛತ್ರಿಯ ಕೋಲು ಹಿಡಿದುಕೊಂಡು, "ಇಷ್ಟೂ ಮಂದಿ ದಿನಾ ಅಲ್ಲೇ ಇರ್ತಿದ್ರೇನ್ರೋ?" ಎಂದ. ಚೌಕವೆಲ್ಲ ನಕ್ಕಿತು. ಸತ್ಯವ್ವ ಮಾತ್ರ ನಗಲಿಲ್ಲ.

"ನನ್ನ ಗಂಡನ್ನ ನನಗ ಹುಡುಕಾಕ ಆಗಲಿಲ್ಲ" ಎಂದಳು ಮೆಲ್ಲಗೆ. "ಪಾಪ, ಈ ಪೊಲೀಸಪ್ಪ ಎಲ್ಲಿಂದ ಹುಡುಕ್ಯಾನ?"

ರಸೂಲಸಾಬ ಹೇಳಿದ, "ನೋಡ್ರಿ, ಮೋಟಾರ ಹಾರ್ನ್ ಹೊಡೀತದ. ನಾ ಹೋ ಅಂತ ಒದರತೀನಿ. ಎತ್ತಿನ ಕೊಳ್ಳಾಗ ಗಂಟಿ ಅದಾವ. ನೀವು ನೆರಳು ಹುಡಿಕ್ಕೊಂಡು ಗಪ್‍ಚಿಪ್ ನಿಂದರತೀರಿ. ಅಳದ ಕೂಸಿಗೆ ತಾಯೀನೂ ಹಾಲು ಕುಡಸಂಗಿಲ್ಲ. ರಸ್ತಾದ ನಡುವ ಬಂದು, ಎಲ್ಲಾರ ಮುಂದ, ಅವನ ಕಣ್ಣಿಗೆ ಬೀಳೂ ಹಂಗ ನಿಂದರಬೇಕು."

ಉಳಿದವರು ಬಿಸಿಲಿಗೆ ಅಂಜಿ ನೆರಳಿಗೆ ಹೋಗಿದ್ದರು. ದಶರಥ ಹೋದದ್ದು ಬಿಸಿಲಿಗೆ ಅಂಜಿ ಅಲ್ಲ. ಅವನು ತಲೆ ತಗ್ಗಿಸಿದ.

"ಸಾಬಣ್ಣಾ, ಹಳ್ಳ್ಯಾಗ ದೊಡ್ಡವರ ಗಾಡಿ ಬಂದ್ರ ನಮ್ಮಪ್ಪ ದಾರಿ ಬಿಟ್ಟು ಜಾಲಿಕಂಟಿ ಮಗ್ಗಲಕ ನಿಂದರತಿದ್ದ. ನನಗೂ ಅದ ಕಲಿಸ್ಯಾನ. ಗಾಡಿ ಹಿಂದ ಬಂತಂದ್ರ ನನ್ನ ಕಾಲು ತಾವ ಬದೀಗೆ ಹೋಗ್ತಾವ. ಅವರ ಮುಂದ ನಡುರಸ್ತಾದಾಗ ನಾ ಹೆಂಗ ನಿಂದರಲಿ?"

ಇದನ್ನು ಕೇಳಿ ಯಾರೂ ನಗಲಿಲ್ಲ. ದೇಶ ಸ್ವತಂತ್ರವಾಯಿತು, ಈ ಮನುಷ್ಯನ ಕಾಲುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಖಂಡಪ್ಪ ಕಟ್ಟೆಯಿಂದ ಇಳಿದು ಬಂದ. "ದಶರಥ, ಇದು ಸರಕಾರದ ರಸ್ತಾ. ಮೊದಲ ಬಂದವ ಮೊದಲ ಹೋಗ್ತಾನ. ಆದ್ರ ನನ್ನದೂ ತಪ್ಪದ. ನಾ ಬರೇ ಎತ್ತರದ್ದನ್ನ ನೋಡ್ತಿದ್ದೆ. ಒಂದು ಕೆಲಸಾ ಮಾಡೂಣು. ಗಾಡಿ ನಿಂದರೂ ಜಾಗಾದ ಮುಂದ ಸುಣ್ಣದ ಗೀಟು ಹೊಡಿಯೂಣು. ಸೈಕಲ್ದವರು ಅದರ ಮ್ಯಾಲ ಮುಂದಿನ ಗಾಲಿ ಇಟ್ಟು ನಿಂದರ್ರಿ. ಕೈ ತಿರಗಸೂ ಮೊದಲ ನಾ ಆ ಗೀಟು ನೋಡ್ತೀನಿ. ಒಂದ ಒಂದು ಗಾಲಿ ಇದ್ರೂ ದಾರಿ ಬಿಡಸ್ತೀನಿ. ಇದು ನನ್ನ ಮಾತು."

ಅವನು ಠಾಣೆಗೆ ಹೋಗಿ ಫೌಜದಾರರ ಒಪ್ಪಿಗೆ ತಂದ. ಸಂಜೆ ಬಿಸಿಲು ಇಳಿದ ಮೇಲೆ ರಸೂಲಸಾಬ ಬಕೆಟ್ಟಿನಲ್ಲಿ ಸುಣ್ಣ ಕಲೆಸಿದ. ಸತ್ಯವ್ವ ತನ್ನ ಹೊಸ ಬಾರಿಗೆಯನ್ನೇ ಅದ್ದಿ ಗೀಟು ಎಳೆದಳು. ಸ್ವಲ್ಪ ಸೊಟ್ಟಗಾಯಿತು, ಇರಲಿ ಬಿಡಿ.

ಸೋಮವಾರ ಬೆಳಗಾಯಿತು. ಇಂದು ತಡವಾದರೆ ಕೆಲಸವಿಲ್ಲ. ದಶರಥ ಬಂದು ಗೀಟಿನ ಮೇಲೆ ಗಾಲಿ ಇಟ್ಟ. ಬೆಳಗಿನ ಬಿಸಿಲೇ ಮುಖಕ್ಕೆ ಬಡಿಯುತ್ತಿತ್ತು. ಅಡ್ಡ ರಸ್ತೆಯ ಗಾಡಿಗಳು ಹೋಗುತ್ತಿದ್ದವು. ಅಷ್ಟರಲ್ಲಿ ಹಿಂದೆ ಒಂದು ಮೋಟಾರು ಬಂದು ಹಾರ್ನ್ ಹೊಡೆಯಿತು. ಅರಳೆ ವ್ಯಾಪಾರಿ ಬಸಗೊಂಡಪ್ಪ ಸಾಹುಕಾರರ ಮೋಟಾರು.

"ಏ, ಬದೀಗೆ ಸರಿಯಲೇ!" ಸಾಹುಕಾರರೇ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

ದಶರಥನ ಕಾಲು ತಾವೇ ಬದಿಗೆ ಎಳೆದವು. ಗಾಲಿ ಗೀಟಿನಿಂದ ಹಿಂದಕ್ಕೆ ಜಾರಿತು. ಬೇವಿನ ನೆರಳು ಕೈಬೀಸಿ ಕರೆದಂತಾಯಿತು. ಇನ್ನೇನು ಸೈಕಲ್ ಹೊರಳಿಸಬೇಕು, ಆಗ ಮೂಲೆಯಲ್ಲಿ ಬಾರಿಗೆಯ ರಾಶಿಯ ನಡುವಿನಿಂದ ಒಂದು ಕೂಗು ಎದ್ದಿತು.

"ದಶರಥಾ! ಗೀಟು ಬಿಡಬ್ಯಾಡಾ!"

ಇಡೀ ಚೌಕ ತಿರುಗಿ ನೋಡಿತು. ಸತ್ಯವ್ವ ಎದ್ದು ನಿಂತಿದ್ದಳು. ಗಂಡನ ಹೆಸರನ್ನು, ಒಡಪಿಲ್ಲದೆ, ನಾಲ್ಕು ರಸ್ತೆಗೆ ಕೇಳುವ ಹಾಗೆ ಕೂಗಿದ್ದಳು. ದಶರಥ ಗಾಲಿಯನ್ನು ಮತ್ತೆ ಮುಂದಕ್ಕೆ ತಂದು ಗೀಟಿನ ಮೇಲೆ ಇಟ್ಟ. ಎದೆ ಸೆಟೆಸಿ ಖಂಡಪ್ಪನ ಕಡೆಗೇ ನೋಡಿದ.

ಖಂಡಪ್ಪ ಗೀಟು ನೋಡಿದ. ಒಂದು ಗಾಲಿ ಇತ್ತು. ಎಡಗೈ ಚಾಚಿ ಅಡ್ಡ ರಸ್ತೆಯನ್ನು ನಿಲ್ಲಿಸಿದ, ಬಲಗೈ ಬೀಸಿ ಕರೆದ. "ಸೈಕಲ್ ಮೊದಲ! ಸಾಹುಕಾರ್ರ, ನೀವು ಅವನ ಹಿಂದ ಬರ್ರಿ!"

ದಶರಥ ಹೊರಟ. ಟಾಂಗಾಗಳು ನಿಂತಿದ್ದವು, ಗಾಡಿಗಳು ನಿಂತಿದ್ದವು. ನಡುರಸ್ತೆಯಲ್ಲಿ ನಿಂಬೆಹಣ್ಣು ಕಟ್ಟಿದ ಹಳೆಯ ಸೈಕಲ್ ಹೋಯಿತು, ಅದರ ಹಿಂದೆ ಸಾಹುಕಾರರ ಮೋಟಾರು ಹೋಯಿತು. ರಸೂಲಸಾಬ ತಲೆಗೆ ಸುತ್ತಿದ ಪಟಕಾ ತೆಗೆದು ಬೀಸಿದ. ಗಿರಣಿಯ ಭೋಂಗಾ ಕೂಗಿದಾಗ ದಶರಥ ಬಾಗಿಲ ಒಳಗಿದ್ದ. ಚೌಕದಲ್ಲಿ ಕುಳಿತ ಸತ್ಯವ್ವನಿಗೂ ಆ ಕೂಗು ಕೇಳಿತು. ನಾಚಿಕೆಯಿಂದ ಸೆರಗು ಬಾಯಿಗಿಟ್ಟುಕೊಂಡಿದ್ದವಳು ಸೆರಗು ತೆಗೆದು ನಕ್ಕಳು.

ಈಗ ಆ ಗೀಟು ಮಾಸಿದಾಗೆಲ್ಲ ಸೈಕಲ್ಲಿನವರೇ ಸುಣ್ಣ ಹಚ್ಚುತ್ತಾರೆ. ಖಂಡಪ್ಪ ರಜೆಗೆ ಹೋಗುವಾಗ ಬದಲಿ ಬಂದವನಿಗೆ ಮೊದಲು ಅದನ್ನೇ ತೋರಿಸುತ್ತಾನೆ. ಸೈಕಲ್ ಮಾರುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅಣ್ಣಗಳಿರಾ, ಚೌಕಕ್ಕೆ ಬಂದರೆ ಮರದ ಮರೆಗೆ, ಗಾಡಿಯ ಮರೆಗೆ ಹೋಗಬೇಡಿರಿ. ಕೈ ಬರುವ ಮೊದಲು ನುಗ್ಗಲೂ ಬೇಡಿರಿ. ಪೊಲೀಸಿನವನ ಕಣ್ಣಿಗೆ ಬೀಳುವಲ್ಲಿ, ರಸ್ತೆಯ ಮುಂದೆ, ನೆಟ್ಟಗೆ ನಿಲ್ಲಿರಿ. ನಿಮ್ಮ ಚೌಕದಲ್ಲಿ ಗೀಟಿಲ್ಲವೇ? ಹೋಗಿ ಕೇಳಿರಿ, ಸುಣ್ಣ ನೀವೇ ಒಯ್ಯಿರಿ. ಕಟ್ಟೆಯ ಮೇಲಿನ ಅಣ್ಣಗಳಿರಾ, ಕೈ ತಿರುಗಿಸುವ ಮೊದಲು ಕೆಳಗೆ ನೋಡಿರಿ, ಅಲ್ಲೊಂದು ಗಾಲಿ ಕಾಯುತ್ತಿರಬಹುದು.

ಬಿಸಿಲು ಎನ್ನುತ್ತೀರಾ? ನಾಚಿಕೆ ಎನ್ನುತ್ತೀರಾ? ಸತ್ಯವ್ವ ಚೌಕದ ನಡುವೆ ಗಂಡನ ಹೆಸರು ಕೂಗಿದಳು. ನೀವು ಒಂದು ಗೀಟಿನ ಮೇಲೆ ನಿಲ್ಲಲಾರಿರಾ?