ಹನ್ನೊಂದು ದಿನದ ಹೆಸರು

“ಅವಳ್ನ ಯಾಕವ್ವಾ ಈಗ ಗೂಡು ಬಿಡ್ಸಕ್ಕೆ ಕೂರ್ಸಿದ್ದೀಯ? ಒಸಿ ಮಾತಾಡ್ಕಳ್ಳಿ ಬುಡು,” ಎಂದ, ಮಗನ ಜೊತೆ ಹೆಣ್ಣಿನ ಮನೆಗೆ ಬಂದಿದ್ದ ನರಸಯ್ಯ.

“ಇವತ್ತೇ ಮಾರ್ಕೆಟ್‌ಗೆ ಹಾಕ್ಬೇಕು ಕಣಣ್ಣಾ,” ಎನ್ನುತ್ತ ಯಲ್ಲಮ್ಮ ರೇಷ್ಮೆಗೂಡು ತುಂಬಿದ ಇನ್ನೊಂದು ಬಿದಿರುತಟ್ಟಿಯ ಚಂದ್ರಿಕೆಯನ್ನು ಮಗಳ ಮುಂದೆ ಒರಗಿಸಿದಳು. ಸುಳ್ಳು. ಮಾರ್ಕೆಟ್ಟು ನಾಳೆಗೆ. ಕಿವಿ ಕೇಳದ ಮಮತಾಳ ಕೈಗೆ ಕೆಲಸ ಕೊಟ್ಟರೆ ಬಾಯಿಗೆ ಬೀಗ ಹಾಕಿದ ಹಾಗೆ. ಇದು ಹೆತ್ತವಳಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ!

ಮಮತಾಳ ಮೊದಲ ಮದುವೆ ಮುರಿದದ್ದನ್ನು ಯಲ್ಲಮ್ಮ ಬೀಗರಾಗುವವರಿಗೆ ಹೇಳಿದ್ದಳು. ಹನ್ನೊಂದು ದಿನ ಬದುಕಿದ್ದ ಮಗುವಿನ ಸುದ್ದಿ ಎತ್ತಿರಲಿಲ್ಲ. ನರಸಯ್ಯನ ಮಗ ಯೋಗಾನಂದನೂ ಕಿವುಡನೇ. ಆದರೆ ಅವನದು ಚೆನ್ನೈ ಶಾಲೆಯಲ್ಲಿ ಕಲಿತ ಕೈಮಾತು. ಇವಳದು ಹೊಂಗನೂರಿನ ಈ ಅಡುಗೆಮನೆಯಲ್ಲಿ ಅವ್ವ ಮಗಳು ಕಟ್ಟಿಕೊಂಡದ್ದು. ಎರಡೂ ಎಲ್ಲಿ ಕೂಡಬೇಕು, ಗುಟ್ಟು ಎಲ್ಲಿ ಹೊರಬೀಳಬೇಕು ಎಂದು ಯಲ್ಲಮ್ಮ ಧೈರ್ಯವಾಗಿದ್ದಳು.

ಹೆಣ್ಣು ನೋಡಲು ಬಂದ ಮೊದಲ ಭಾನುವಾರ ಇಬ್ಬರೂ ಪಿಳಿಪಿಳಿ ನೋಡಿಕೊಂಡಿದ್ದರು. ಎರಡನೆಯ ಭಾನುವಾರ ನೀರಿಗೆ ಅವನು ತನ್ನ ಸನ್ನೆ ಮಾಡಿದ, ಇವಳು ತನ್ನದು. ನಕ್ಕು, ಇವಳದನ್ನೇ ಇಟ್ಟುಕೊಂಡರು. ಬಸ್ಸಿಗೆ ಅವನದು. ಯಾವುದೂ ಹೊಂದದಿದ್ದರೆ ನಟಿಸಿ, ನೆಲದಲ್ಲಿ ಗೀಚಿ, ಹೊಸದೊಂದು. ಇವತ್ತು ಬಂದೊಡನೆ ಶುರುವಾದ ಕೈಗಳ ಓಟ ಯಲ್ಲಮ್ಮನಿಗೆ ಅರ್ಧವೂ ತಿಳಿಯಲಿಲ್ಲ. ಹೊಟ್ಟೆಕಿಚ್ಚಾಯಿತು, ಹೆದರಿಕೆಯೂ ಆಯಿತು. ಅದಕ್ಕೇ ಈ ಚಂದ್ರಿಕೆ.

ಯೋಗಾನಂದ ಎದ್ದು ಬಂದು ತಾನೂ ಗೂಡು ಬಿಡಿಸತೊಡಗಿದ. ಮಮತಾ ಅವನನ್ನೇ ನೋಡಿದಳು. ಮಡಿಲಿನ ಗೂಡುಗಳನ್ನು ಬುಟ್ಟಿಗೆ ಸುರಿದು ಕೈ ಒರೆಸಿಕೊಂಡಳು. ತೋಳುಗಳನ್ನು ಜೋಡಿಸಿ ತೂಗಿದಳು, ತನ್ನ ಹೊಟ್ಟೆ ಮುಟ್ಟಿದಳು. ಹತ್ತು ಬೆರಳು, ಮತ್ತೊಂದು. ಆಮೇಲೆ ಬರಿಗೈ.

ಯಲ್ಲಮ್ಮ ಓಡಿಬಂದು ಮಗಳ ಕೈ ಅದುಮಿ ಹಿಡಿದಳು. ಎರಡು ವರ್ಷದಿಂದ ಆ ಮಾತು ಬಂದಾಗಲೆಲ್ಲ ಹೀಗೇ ಹಿಡಿಯುತ್ತಿದ್ದಳು.

“ಏನಂತಾವ್ಳೆ?” ನರಸಯ್ಯ ಕೇಳಿದ.

“ಏನಿಲ್ಲ, ಕೈ ನೋಯ್ತೈತಂತೆ.”

ಯೋಗಾನಂದ ಯಲ್ಲಮ್ಮನ ಬೆರಳುಗಳನ್ನು ಒಂದೊಂದಾಗಿ, ಮೆಲ್ಲಗೆ ಬಿಡಿಸಿದ. ಮಮತಾಳತ್ತ ತಿರುಗಿ, ತೋಳು ತೂಗಿ, ಏನೋ ಕೇಳಿದ. ಅವಳು ಒಸರುತ್ತಿದ್ದ ಕಣ್ಣಲ್ಲೇ ಕಿರುಬೆರಳೆತ್ತಿ ಎಡಗೆನ್ನೆಯನ್ನು ಎರಡು ಸಲ ಮುಟ್ಟಿಕೊಂಡಳು.

ಆ ಸನ್ನೆಯನ್ನು ಯಲ್ಲಮ್ಮ ಕಂಡೇ ಇರಲಿಲ್ಲ. ಮಗುವಿನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ನಾಮಕರಣಕ್ಕೆ ಮೊದಲೇ ಹೋದ ಕೂಸಿಗೆ ಮಮತಾ ಒಬ್ಬಳೇ ಹೀಗೆ ಹೆಸರಿಟ್ಟುಕೊಂಡಿದ್ದಳು.

ಯೋಗಾನಂದ ತನ್ನ ಕೆನ್ನೆ ಮುಟ್ಟಿ, ಸರಿಯೇ ಎಂಬಂತೆ ನೋಡಿದ. ಮಮತಾ ತಲೆಯಾಡಿಸಿದಳು.

“ಏನ್ ನಡೀತೈತೆ, ಹೇಳವ್ವಾ,” ನರಸಯ್ಯನ ದನಿ ಗಡುಸಾಗಿತ್ತು.

ಯಲ್ಲಮ್ಮ ತನ್ನ ಕಿರುಬೆರಳನ್ನು ಎತ್ತಿ ಬಲಗೆನ್ನೆಗೆ ತಂದಳು. ಮಮತಾ ಆ ಕೈಯನ್ನು ಹಿಡಿದು ಎಡಕ್ಕೆ ಸರಿಸಿದಳು.