ಗುರುವಾರದ ಪಾಠ

"ಅರವತ್ತು ದಾಟಿದ ಕೂಡಲೇ ತಲೆಗೂ ನಿವೃತ್ತಿ ಕೊಟ್ಟುಬಿಟ್ಟೆಯಾ, ಮಾಯ್ಲಿಸ್? ಒಂದು ಸಾಲು ಓದೋಕೆ ಇಷ್ಟು ಹೊತ್ತಾ?"

ಮಾಗ್ನುಸ್ ನಗುತ್ತಲೇ ಕೇಳಿದ. ಅವನು ಏನು ಹೇಳಿದರೂ ನಗುತ್ತಲೇ ಹೇಳುತ್ತಿದ್ದ. ಆಸ್ಪತ್ರೆಗಳ ಬಟ್ಟೆ ಒಗೆಯುವ, ಸ್ವೀಡನ್ನಿನ ಆ ಲಾಂಡ್ರಿಗೆ ಅವನೇ ಮ್ಯಾನೇಜರ್. ಆದರೂ ಅವನನ್ನು ಹೆಸರು ಹಿಡಿದು, ನೀನು ಎಂದೇ ಕರೆಯಬೇಕು. ಕರೆಯದಿದ್ದರೆ ಅವನಿಗೆ ಬೇಸರ.

ಹೆಂಗಸರು ಒಂದಿಷ್ಟು ನಕ್ಕರು. ಮಾಯ್ಲಿಸ್ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಕನ್ನಡಕ ಮನೇಲೇ ಮರ್ತ್‌ಬುಟ್ಟೆ ಕಣಪ್ಪ."

"ಹೋದ ವಾರಾನೂ ಮರೆತಿದ್ದೆ."

"ಹೋದ್ ವಾರದಿಂದ ಹುಡುಕ್ತಾನೇ ಇವ್ನಿ."

ಮತ್ತೆ ನಗು. ಅವಳ ಕೈಯಲ್ಲಿದ್ದ ಟ್ಯಾಬ್ಲೆಟ್ಟಿನ ಮೇಲೆ ಅಕ್ಷರಗಳು ಮೀನಿನ ಮರಿಗಳಂತೆ ಜಾರಾಡುತ್ತಿದ್ದವು.

"ಮಾಗ್ನುಸ್, ನಾನು ಓದ್ಲಾ?" ಎಂದಳು ಪಕ್ಕದಲ್ಲಿ ಕೂತಿದ್ದ ಸೆನಾದಾ. "ನನ್ನ ಉಚ್ಚಾರ ಸುಧಾರಿಸ್ಬೇಕು ಅಂತ ನೀನೇ ಹೇಳಿದ್ದೆ."

ಅವಳು ಟ್ಯಾಬ್ಲೆಟ್ ತೆಗೆದುಕೊಂಡು ಓದಿದಳು: "ಕಲಿಯುವ ಮನಸ್ಸಿಗೆ ವಯಸ್ಸಿಲ್ಲ. ನಿಮ್ಮ ಬೆಳವಣಿಗೆಯೇ ನಮ್ಮ ಸಂತೋಷ." ಮಾಗ್ನುಸ್ ಎರಡು ಕಡೆ ತಡೆದು ತಿದ್ದಿದ.

"ಬೋಸ್ನಿಯಾದಿಂದ ಬಂದು ಮೂವತ್ತು ವರ್ಷ ಆಯ್ತು, ಇನ್ನೂ ಬಾಯಲ್ಲಿ ಜಲ್ಲಿಕಲ್ಲು ಇಟ್ಕೊಂಡೇ ಮಾತಾಡ್ತೀಯಲ್ಲ" ಎಂದು ಅವಳ ಭುಜ ತಟ್ಟಿದ. ಸೆನಾದಾ ಕೂಡ ನಕ್ಕಳು.

ಈ ಪಾಠ ನಡೆಯುತ್ತಿದ್ದ ಕಲಿಕೆಯ ಕೋಣೆ ಎಂದರೆ ಹಿಂದೆ ಹರಿದ ಬಟ್ಟೆ ತುಂಬುತ್ತಿದ್ದ ಕೋಣೆ. ಈಗ ಅಲ್ಲಿ ಹಸಿರು ಜಮಖಾನೆ ಹಾಸಿ, ಗೋಡೆಗೆ 'ಬದುಕಿಡೀ ಕಲಿಯೋಣ' ಎಂದು ದೊಡ್ಡದಾಗಿ ಬರೆಸಿದ್ದರು. ಪ್ರತಿ ಗುರುವಾರ ಕೆಲಸದ ಹೊತ್ತಿನಲ್ಲೇ ಒಂದು ಗಂಟೆ ಪಾಠ, ಕೊನೆಗೆ ಟ್ಯಾಬ್ಲೆಟ್ಟಿನಲ್ಲೇ ಒಂದು ಪರೀಕ್ಷೆ. ಆ ಗಂಟೆಯಲ್ಲಿ ಚಾದರಗಳೇನೂ ಬರುವುದನ್ನು ನಿಲ್ಲಿಸುತ್ತಿರಲಿಲ್ಲ. ಗುಡ್ಡೆ ಬಿದ್ದು ಕಾಯುತ್ತಿದ್ದವು. ಅವನ್ನು ಕರಗಿಸಲು ಮಧ್ಯಾಹ್ನದ ಕಾಫಿ ಬಿಡಬೇಕಾಗುತ್ತಿತ್ತು.

ಮಾಯ್ಲಿಸ್, ಸೆನಾದಾ ಇಬ್ಬರೂ ದೊಡ್ಡ ಇಸ್ತ್ರಿ ಯಂತ್ರದ ಮುಂದೆ ಎದುರುಬದುರು ನಿಂತು, ಒದ್ದೆ ಚಾದರದ ಒಂದೊಂದು ತುದಿ ಹಿಡಿದು ಕಾದ ಉರುಳೆಗಳ ನಡುವೆ ಬಿಡುವವರು.

"ಬೋಳಿಮಗ! ಇದ್ದಕ್ಕಿದ್ದಂಗೆ ನಮ್ಮ ಮೇಲೆ ಯಾಕೆ ಪ್ರೀತಿ ಉಕ್ತಾ ಅದೆ ಇವ್ರಿಗೆ?" ಎಂದಳು ಮಾಯ್ಲಿಸ್. "ನಲವತ್ ವರ್ಷ ಒಬ್ಬ ಮುಂಡೇಮಗನೂ ನಿಂಗೇನ್ ಬತ್ತದೆ, ಏನ್ ಬರಕಿಲ್ಲ ಅಂತ ಕೇಳ್ಳಿಲ್ಲ."

"ನದಿಯಾಚೆ ಲಾಂಡ್ರಿಯಲ್ಲೂ ಮೊದ್ಲು ಕಲಿಸಿದ್ರಂತೆ" ಎಂದಳು ಸೆನಾದಾ. "ಆಮೇಲೆ ಅರ್ಧ ಜನಾನ ಕಳಿಸಿದ್ರು."

ಇಬ್ಬರೂ ಮುಂದಿನ ಚಾದರ ಎತ್ತಿಕೊಂಡರು. ಮಾಯ್ಲಿಸ್‌ಗೆ ಓದಲು ಬಾರದೆಂಬುದು ಅವರ ನಡುವೆ ಎಂದೂ ಬಾಯಿಗೆ ಬಂದ ವಿಷಯವಲ್ಲ. ಶಾಲೆಯಲ್ಲಿ ಅವಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಬಣ್ಣದ ಪೆನ್ಸಿಲ್ ಕೊಟ್ಟು ಮರೆತಿದ್ದರು. ಸೆನಾದಾ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲೇ ಸೂಚನಾ ಫಲಕದ ಮುಂದೆ ನಿಂತು, "ನನ್ನ ಸ್ವೀಡಿಷ್ ಸರಿ ಇದೆಯಾ ಕೇಳು" ಎಂದು ಎಲ್ಲವನ್ನೂ ಗಟ್ಟಿಯಾಗಿ ಓದತೊಡಗಿದ್ದಳು. ಮಾಯ್ಲಿಸ್ ಅವಳ ಮಾತು ತಿದ್ದುತ್ತಿದ್ದಳು. ಅಂದಿನಿಂದ ಇಂದಿನವರೆಗೆ ಒಂದು ದಿನವೂ ತಪ್ಪಿರಲಿಲ್ಲ.

ಲಾಂಡ್ರಿಯಲ್ಲಿ ಹೆಂಗಸರದೇ ಒಂದು ರೂಢಿ ಇತ್ತು. ಪ್ರತಿಯೊಬ್ಬರ ತಲೆಯ ಮೇಲೂ ಒಂದು ದೀಪ. ಕೈ ನಿಧಾನವಾದರೆ ಅದು ಕೆಂಪಾಗುತ್ತದೆ. ಯಾರ ದೀಪ ಕೆಂಪಾದರೂ ಪಕ್ಕದವಳು ಸದ್ದಿಲ್ಲದೆ ಸರಿದು ನಾಲ್ಕು ಬಟ್ಟೆ ಅವಳ ಲೆಕ್ಕಕ್ಕೆ ಹಾಕುತ್ತಾಳೆ. ಭುಜನೋವು, ಗಂಡನ ಏಟು, ಮುಟ್ಟಿನ ಸಂಕಟ, ಏನೆಂದು ಯಾರೂ ಕೇಳುವುದಿಲ್ಲ.

ಮಡಿಸುವ ಮೇಜಿನ ಎರಿಟ್ರಿಯಾದ ಹೆಂಗಸು ಆದಿಯಮ್‌ಗೆ ಪಾಠದಲ್ಲಿ ಹಿಂದೆ ಬೀಳುವುದೂ ದೀಪ ಕೆಂಪಾದಂತೆಯೇ ಕಂಡಿತು. ಮುಂದಿನ ವಾರ ಪರೀಕ್ಷೆಯ ಹೊತ್ತಿಗೆ ಅವಳು ಮಾಯ್ಲಿಸ್ ಪಕ್ಕ ಬಂದು ಕೂತಳು.

"ಇತ್ತ ಕೊಡು ನಿಂದು" ಎಂದು ಪಿಸುಗುಟ್ಟಿದಳು. "ನಂದು ಆಯ್ತು. ಕೈ ಖಾಲಿ ಐತೆ."

ಮೇಜಿನ ಕೆಳಗೆ ಟ್ಯಾಬ್ಲೆಟ್‌ಗಳು ಅದಲುಬದಲಾದವು. ಆದಿಯಮ್ ಮೊಣಕಾಲ ಮೇಲಿಟ್ಟುಕೊಂಡು ಎಲ್ಲ ಉತ್ತರ ಒತ್ತಿದಳು. ಒಂದೂ ತಪ್ಪಲಿಲ್ಲ. ಅದೇ ಎಡವಟ್ಟಾಯಿತು.

ಆ ಶುಕ್ರವಾರ ಕಾಫಿಯ ಹೊತ್ತಿಗೆ ಮಾಗ್ನುಸ್ ಸಂಭ್ರಮಕ್ಕೆಂದು ತರುವ ಹಸಿರು ಕೇಕು ತಂದ. ಮಾಯ್ಲಿಸ್‌ಳನ್ನು ಎಬ್ಬಿಸಿ ಅಪ್ಪಿಕೊಂಡ.

"ನೂರಕ್ಕೆ ನೂರು! ಇಡೀ ಲಾಂಡ್ರಿಗೇ ಮೊದಲು! ಗುರುವಾರ ಸ್ಟಾಕ್‌ಹೋಮ್‌ನಿಂದ ಕೇಂದ್ರ ಕಚೇರಿಯವರು ಬರ್ತಾರೆ. ಮೊದಲ ಪಾಠದ ಮೊದಲ ಪುಟ ನೀನೇ ಅವರ ಮುಂದೆ ಓದ್ಬೇಕು."

ಮಾಯ್ಲಿಸ್ ಕೇಕಿನ ತಟ್ಟೆ ಕೆಳಗಿಟ್ಟಳು.

"ಇನ್ನೊಂದು ವಿಷಯ" ಎಂದು ದನಿ ತಗ್ಗಿಸಿದ. ತಗ್ಗಿಸಿದರೂ ಎಲ್ಲರಿಗೂ ಕೇಳುತ್ತಿತ್ತು. "ಈಸ್ಟರ್ ಹೊತ್ತಿಗೆ ಹೊಸ ಯಂತ್ರ ಬರುತ್ತೆ. ಚಾದರ ಬಿಡೋಕೆ ಒಬ್ಬರು ಸಾಕು. ನಾವು ಅಂಕ ನೋಡೇ ತೀರ್ಮಾನ ಮಾಡೋದು, ಮುಖ ನೋಡಿ ಅಲ್ಲ. ನೀನು ಉಳೀತೀಯ. ಸೆನಾದಾಗೆ ಬೇರೆ ಕಡೆ ಅರ್ಜಿ ಬರೆಯೋಕೆ ಸಹಾಯ ಮಾಡ್ತೀವಿ. ಅವಳ ಅಂಕ ನೋಡಿದೆಯಲ್ಲ, ಭಾಷೆಯದೇ ತೊಡಕು."

ಸೆನಾದಾ ಕಾಗದದ ತಟ್ಟೆಗಳನ್ನು ಒಟ್ಟುಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

ಯಂತ್ರದ ಬಳಿ ಬಂದ ಕೂಡಲೇ ಮಾಯ್ಲಿಸ್ ಬುಸುಗುಟ್ಟಿದಳು. "ನೀನ್ಯಾಕೆ ಆದಿಯಮ್ ಕೈಲಿ ಮಾಡಿಸ್ಕೊಳ್ಳಿಲ್ಲ? ಏನ್ ದೊಡ್ ಸತ್ಯವಂತೆನಾ ನೀನು?"

"ನನಗೆ ಓದೋಕೆ ಬರುತ್ತಲ್ಲ, ಮಾಯ್ಲಿಸ್."

ಮಾತು ಬಿದ್ದೇಬಿಟ್ಟಿತು. ಮಾಯ್ಲಿಸ್‌ಳ ಕಿವಿಯವರೆಗೂ ರಕ್ತ ಏರಿತು. ಚಾದರದ ತುದಿ ಕೈಯಿಂದ ಜಾರಿತು. ಸೆನಾದಾ ಬಗ್ಗಿ ಎತ್ತಿಕೊಟ್ಟಳು.

"ಕೋಪ ಮಾಡ್ಕೋಬೇಡ. ನೀನು ಇಲ್ಲಿಂದ ಹೋದ್ರೆ ಬೇರೆಲ್ಲಿ ಕೆಲಸ ಸಿಗುತ್ತೆ? ನನಗೆ ಎಲ್ಲಾದ್ರೂ ನೆಲ ಒರೆಸೋದು ಸಿಕ್ಕೀತು. ಆ ಪುಟ ನನಗೆ ಗೊತ್ತು. ಬಾಯಿಪಾಠ ಮಾಡಿಸ್ತೀನಿ."

"ಹುಚ್ಚು ಹಿಡಿದದಾ ನಿಂಗೆ?"

"ಹೇಳು: ನಮ್ಮ ಕೆಲಸದ ಜಾಗವೇ ನಮ್ಮ ಶಾಲೆ."

ಚಾದರ ಹೋಯಿತು. ಮತ್ತೊಂದು ಬಂತು.

"ಹೇಳು ಮಾಯ್ಲಿಸ್. ನಮ್ಮ ಕೆಲಸದ ಜಾಗವೇ…"

"…ನಮ್ಮ ಶಾಲೆ. ಥೂ, ಅವನ ಮುಕಳಿಗೆ ಬೆಂಕಿ ಬೀಳ."

"ಅದು ಪುಟದಲ್ಲಿಲ್ಲ" ಎಂದಳು ಸೆನಾದಾ. ಇಬ್ಬರಿಗೂ ನಗು ಬಂತು. ಆಮೇಲೆ ಮಾಯ್ಲಿಸ್ ತೋಳಿನಿಂದ ಮುಖ ಒರೆಸಿಕೊಂಡಳು.

ಗುರುವಾರದ ಹೊತ್ತಿಗೆ ಪುಟವೆಲ್ಲ ನಾಲಿಗೆಯ ಮೇಲಿತ್ತು.

ಸ್ಟಾಕ್‌ಹೋಮ್‌ನಿಂದ ಒಬ್ಬ ಹೆಂಗಸು, ಇಬ್ಬರು ಗಂಡಸರು ಬಂದಿದ್ದರು. ಹೆಂಗಸು ಒಳ್ಳೆಯವಳಂತೆ ಕಂಡಳು. ಮಾಯ್ಲಿಸ್‌ಳ ಕೈ ಹಿಡಿದು, "ಎಷ್ಟು ತಣ್ಣಗಿದೆ, ಹೆದರ್ಬೇಡ" ಎಂದಳು. ಹೆಂಗಸರೆಲ್ಲ ಗೋಡೆಗಂಟಿ ನಿಂತಿದ್ದರು. ಸೆನಾದಾ ಮಾತ್ರ ಹೊರಗೆ, ಇನ್ನೊಬ್ಬಳ ಜೊತೆ ಚಾದರ ಬಿಡುತ್ತಿದ್ದಳು; ಅಂಕ ಕಡಿಮೆ ಇದ್ದವರನ್ನು ಒಳಗೆ ಕರೆದಿರಲಿಲ್ಲ. ಬಾಗಿಲು ತೆರೆದೇ ಇತ್ತು.

ಮಾಯ್ಲಿಸ್ ಓದಿದಳು. ಕಣ್ಣನ್ನು ಎಡದಿಂದ ಬಲಕ್ಕೆ ಆಡಿಸಿ, ಸರಿಯಾದ ಕಡೆ ಉಸಿರೆಳೆದು, ಕೊನೆಯ ಸಾಲಿನವರೆಗೂ ಓದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಗ್ನುಸ್‌ನ ಕಣ್ಣು ಒದ್ದೆಯಾಗಿತ್ತು.

"ಅರವತ್ತೊಂದು ವರ್ಷ!" ಎಂದ ಅವನು. "ಬೇಕು ಅನ್ನೋರು ಕಲೀತಾರೆ. ಬೇಡ ಅನ್ನೋರು ತಾವಾಗಿಯೇ ಹಿಂದೆ ಬೀಳ್ತಾರೆ."

ಮಾಯ್ಲಿಸ್ ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟಳು.

"ನಂಗೆ ಓದಕ್ ಬರಕಿಲ್ಲ."

ಸ್ಟಾಕ್‌ಹೋಮ್‌ನ ಹೆಂಗಸು ನಕ್ಕಳು. "ಈಗ ತಾನೇ ಎಷ್ಟು ಚೆನ್ನಾಗಿ ಓದಿದೆ!"

"ಅದು ಬಾಯಿಪಾಠ. ಬೇರೆ ಪುಟ ತೆಗೀರಿ, ಒಂದಕ್ಷರ ಬರಕಿಲ್ಲ. ಹುಟ್ಟಿದಾಗಿಂದ ಬರಕಿಲ್ಲ. ಕನ್ನಡಕಾನೂ ಇಲ್ಲ ನಂಗೆ. ಕಣ್ಣು ಚೆನ್ನಾಗೇ ಅವೆ." ಅವಳು ಬಾಗಿಲ ಕಡೆ ಕೈ ತೋರಿಸಿದಳು. "ಹೇಳ್ಕೊಟ್ಟೋಳು ಅವ್ಳು. ನೀವು ಆಚೆ ಹಾಕ್ತಿರೋಳು."

ಮಾಗ್ನುಸ್‌ನ ನಗು ಮುಖದಲ್ಲೇ ಒಣಗಿತು.

"ಹಾಗಾದ್ರೆ ಪರೀಕ್ಷೆ ಮಾಡಿದ್ದು ಯಾರು?"

"ಅದು ನಿಂಗ್ಯಾಕೆ?"

"ಇದು ಮೋಸ, ಮಾಯ್ಲಿಸ್. ಇದರ ಪರಿಣಾಮ ನಿನಗೆ ಗೊತ್ತಾ? ಯಾರು ಮಾಡಿದ್ದು?"

ಆದಿಯಮ್‌ಳ ತುಟಿ ಬಿಳಚಿಕೊಂಡಿತು. ಪಕ್ಕದಲ್ಲಿದ್ದವಳು ಒಂದು ಹೆಜ್ಜೆ ಮುಂದೆ ಸರಿದು ಅವಳನ್ನು ಮರೆಮಾಡಿ ನಿಂತಳು.

ಮಾಯ್ಲಿಸ್ ಕುರ್ಚಿ ಎಳೆದುಕೊಂಡು ಕೂತಳು.

"ಕಲಿಸು."

"ಏನು?"

"ಗೋಡೆ ಮ್ಯಾಲೆ ಬರ್ಸಿದ್ದೀಯಲ್ಲ. ಏನ್ ಬರ್ದದೆ ಅಂತ ಸೆನಾದಾ ಓದಿ ಹೇಳವ್ಳೆ. ಕಲಿಸು. ಮೊದಲ್ನೇ ಅಕ್ಷರದಿಂದ ಸುರು ಮಾಡು."

"ಅದಕ್ಕೆ ಪುರಸಭೆಯ ಶಾಲೆ ಇದೆ" ಎಂದಳು ಸ್ಟಾಕ್‌ಹೋಮ್‌ನ ಹೆಂಗಸು ಮೆಲ್ಲಗೆ. "ಕೆಲಸ ಮುಗಿದ ಮೇಲೆ, ಸಂಜೆ ಹೊತ್ತು…"

"ಇಲ್ಲೇ. ಈಗ್ಲೇ. ಪಾಠದ ಗಂಟೆ ಇನ್ನೂ ಮುಗ್ದಿಲ್ಲ."

ಹೊರಗೆ ಇಸ್ತ್ರಿ ಯಂತ್ರದ ಸದ್ದು ನಿಂತಿತು. ಸೆನಾದಾ ಏಪ್ರನ್ನಿಗೆ ಕೈ ಒರೆಸುತ್ತ ಒಳಗೆ ಬಂದಳು. ಯಾರನ್ನೂ ನೋಡಲಿಲ್ಲ. ಇನ್ನೊಂದು ಕುರ್ಚಿ ಎಳೆದು ಮಾಯ್ಲಿಸ್ ಪಕ್ಕ ಕೂತಳು. ಆದಿಯಮ್ ಬಂದು ನೆಲದ ಮೇಲೆ, ಹಸಿರು ಜಮಖಾನೆಯ ಮೇಲೆ ಕೂತಳು. ಆಮೇಲೆ ಮತ್ತೊಬ್ಬಳು.

"ಎಲ್ಲರೂ ಕೆಲಸಕ್ಕೆ ಹೋಗಿ" ಎಂದ ಮಾಗ್ನುಸ್. ಯಾರೂ ಏಳಲಿಲ್ಲ.

ಉರುಳೆಗಳು ನಿಂತರೆ ನಡುವೆ ಸಿಕ್ಕ ಚಾದರ ಕರಕಾಗುತ್ತದೆ. ಅದು ಅಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತಿತ್ತು. ಸುಟ್ಟ ಹತ್ತಿಯ ಕಮಟು ಮೆಲ್ಲಗೆ ಬಾಗಿಲು ದಾಟಿ ಬಂತು. ಸ್ಟಾಕ್‌ಹೋಮ್‌ನ ಗಂಡಸರು ಮೂಗು ಮುಚ್ಚಿಕೊಂಡರು. ಮಾಗ್ನುಸ್ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ.

"ಅಲ್ಲೆಲ್ಲಿ ನೋಡ್ತೀಯ, ಮೇಷ್ಟ್ರೇ?" ಎಂದಳು ಮಾಯ್ಲಿಸ್, ಟ್ಯಾಬ್ಲೆಟ್ಟಿನ ಮೇಲೆ ಬೆರಳಿಟ್ಟು. "ಇದು ಯಾವ ಅಕ್ಷರ?"