ಸಣ್ಣ ಕೋಣೆಯ ಕೊಂಡಿ

ಟಣ್ ಎಂದಿತು, ಕಬ್ಬಿಣಕ್ಕೆ ಕಬ್ಬಿಣ ತಗುಲಿದ ಸದ್ದು, ಮೇಲೆಲ್ಲೋ, ಆದಿಲಕ್ಷ್ಮಮ್ಮ ತಲೆಯೆತ್ತಿ ನೋಡಲಿಲ್ಲ, ನೋಡದೆಯೇ ಗೊತ್ತು ಅದು ಏನೆಂದು, ರೇಷ್ಮೆ ತಟ್ಟೆ ಜೋಡಿಸುವ ಹೊಸ ಕಬ್ಬಿಣದ ಸ್ಟ್ಯಾಂಡಿನ ಕಾಲು ಹಿಡಿದುಕೊಂಡು ಹಾಗೇ ನಿಂತಳು, ಆ ತುದಿ ಹಿಡಿದಿದ್ದ ಗಂಡ ಅಶ್ವತ್ಥಪ್ಪ ಇನ್ನೊಂದು ಸಲ ತಳ್ಳಿದ, ಮತ್ತೆ ಟಣ್, ತೊಟ್ಟಿಲ ಕೊಂಡಿ ಕಣೇ ಅಡ್ಡ ಬರ್ತಿರೋದು, ಅಂದ, ಹಳೇ ಬಿದಿರು ಸ್ಟ್ಯಾಂಡಿಗೆ ಏನೂ ಆಗ್ತಿರ್ಲಿಲ್ಲ, ಇದು ಗೇಣುದ್ದ ಜಾಸ್ತಿ ಐತೆ, ಕಿತ್ತಾಕು ಅದನ್ನ, ನಾನು ಆಚೆ ತಟ್ಟೆ ತೊಳೀತಿರ್ತೀನಿ. ಇಕ್ಕಳವನ್ನು ಅವಳ ಕೈಗಿಟ್ಟು ಹೋದ, ಸ್ಟ್ಯಾಂಡು ಬಾಗಿಲಲ್ಲೇ ಓರೆಯಾಗಿ ನಿಂತಿತು, ಇಕ್ಕಳ ತಣ್ಣಗಿತ್ತು, ಅಷ್ಟೇ ಅನ್ನಿಸಿದ್ದು ಅವಳಿಗೆ. ಈಗೀಗ ಅನ್ನಿಸುವುದೆಲ್ಲ ಇಷ್ಟೇ, ತಣ್ಣಗಿದೆ, ಬಿಸಿಯಿದೆ, ಭಾರವಿದೆ, ಅದರಿಂದಾಚೆ ಯಾವುದೂ ಒಳಕ್ಕೆ ಹೋಗುವುದಿಲ್ಲ.

ದಿನಕ್ಕೊಂದು ಕೋಣೆ ಸಾಕು, ಅಂದಿದ್ದವನೂ ಅವನೇ, ಒಂದೇ ಸಲ ಎಲ್ಲಾ ಎಳೆದಾಡಿ ಮಲಗಿಬಿಡಬೇಡ, ಮೆತ್ತಗೆ ಮಾಡು — ಒಳ್ಳೆಯ ಮಾತೇ, ಹೆಂಡತಿ ಸೊರಗಿದ್ದಾಳೆಂದು ಅವನಿಗೂ ಕಾಣುತ್ತದೆ. ಶುಕ್ರವಾರ ಹುಳು ಬರುತ್ತವೆ, ಅಷ್ಟರೊಳಗೆ ಅಡುಗೆಮನೆಯೊಂದು ಬಿಟ್ಟು ಉಳಿದದ್ದೆಲ್ಲ ಖಾಲಿಯಾಗಬೇಕು, ಸುಣ್ಣ ಬಳಿಯಬೇಕು, ಔಷಧಿ ಹೊಡೆದು ಬಾಗಿಲು ಮುಚ್ಚಬೇಕು, ಪ್ರತಿ ಬೆಳೆಗೂ ಇದೇ ಪಾಡು, ರೇಷ್ಮೆ ಸಾಕುವವರ ಮನೆಯಲ್ಲಿ ಹುಳುವೇ ಯಜಮಾನ, ಮನುಷ್ಯರು ಒಲೆಯ ಪಕ್ಕ ಮುದುರಿಕೊಳ್ಳುವ ಬಾಡಿಗೆಯವರು. ಮೊದಲ ದಿನ ಪಡಸಾಲೆ ಖಾಲಿ ಮಾಡಿದಳು, ಬಟ್ಟೆ ಹರಿದ ಕೊಡೆ, ಇಲಿ ಕಡಿದ ಗೋಣಿಚೀಲ, ಎಂದೋ ಬಾಯಿ ಕಟ್ಟಿದ ರೇಡಿಯೊ, ಬಿಸಾಕೋಣ ಅಂದರೆ ಇರ್ಲಿ ಇರ್ಲಿ ಬೇಕಾಗ್ತದೆ ಅಂತ ಒಂದೊಂದನ್ನೂ ಕೊಟ್ಟಿಗೆಗೆ ಸಾಗಿಸಿದ, ತಿಪ್ಪೆಯವರೆಗೆ ಹೋಗಿದ್ದ ಕೊಡೆ ಅವನ ಕಂಕುಳಲ್ಲಿ ಮನೆಗೆ ವಾಪಸ್ಸು ಬಂತು, ಹಿಂದೆಲ್ಲ ಇದಕ್ಕೆ ಅವಳು ನಗುತ್ತಿದ್ದಳು, ಮಗಳು ಶ್ಯಾಮಲಳಂತೂ ಅಪ್ಪನ ಹಾಗೇ ಕಂಕುಳಲ್ಲಿ ಪೊರಕೆ ಇಟ್ಟುಕೊಂಡು ನಡೆದು ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಎರಡನೆಯ ದಿನ ನಡುಮನೆ, ವಾಡೆಯ ತಳದ ರಾಗಿಯನ್ನು ಬಳಿದು ಚೀಲಕ್ಕೆ ತುಂಬಿದ್ದು. ಮೂರನೆಯ ದಿನ, ಅಂದರೆ ನಿನ್ನೆ, ಅಟ್ಟ, ಅಟ್ಟದ ಮೂಲೆಯಲ್ಲಿ ತೊಟ್ಟಿಲು, ಬೋರಲು ಬಿದ್ದಿತ್ತು, ಸರಪಣಿ ಪಕ್ಕದಲ್ಲೇ ಸುತ್ತಿಟ್ಟಿತ್ತು, ಅವಳೇ ಇಳಿಸಿ ಅಂಗಳದಲ್ಲಿಟ್ಟು ಧೂಳು ಒರೆಸಿದಳು, ಅಶ್ವತ್ಥಪ್ಪ ಬಂದು ನೋಡಿದ, ನೋಡಿ ಬೇರೆ ಕಡೆ ತಿರುಗಿಕೊಂಡು, ಇದನ್ನ ಯಾರಿಗಾದ್ರೂ ಕೊಟ್ಬಿಡು, ಅಂದ. ಹರಿದ ಕೊಡೆಗೆ ಇರ್ಲಿ ಅಂದವನು ತೊಟ್ಟಿಲಿಗೆ ಇರ್ಲಿ ಅನ್ನಲಿಲ್ಲ. ಅವಳು ಹೂಂ ಅಂದಳು.

ಈಗ ಉಳಿದಿರುವುದು ಈ ಸಣ್ಣ ಕೋಣೆ. ಖಾಲಿ ಮಾಡಲು ಇದರಲ್ಲೇನಿದೆ, ಒಂದು ಟ್ರಂಕು, ಒಂದು ಚಾಪೆ, ತೊಲೆಯಲ್ಲಿ ಆ ಕೊಂಡಿ. ಶ್ಯಾಮಲ ಹುಟ್ಟಿದಾಗ ಮಾವ ಶ್ರೀನಿವಾಸಪುರದ ಕುಲುಮೆಯಲ್ಲಿ ಹೇಳಿ ಮಾಡಿಸಿ ಹೊಡೆಸಿದ್ದು, ನಮ್ಮ ಮನೆ ಮಕ್ಕಳ ಮಕ್ಕಳಿಗೂ ಇದೇ ಕಣಮ್ಮಾ, ಅಂದಿದ್ದರು, ಕಿರುಗುಟ್ಟದಿರಲೆಂದು ಹರಳೆಣ್ಣೆ ಹಚ್ಚಿದ್ದರು, ಹೊರಗೆಲ್ಲ ತುಕ್ಕು, ಸರಪಣಿ ಉಜ್ಜಿ ಉಜ್ಜಿ ಒಳಬದಿ ಮಾತ್ರ ಹೊಳೆಯುತ್ತದೆ. ಹೋದ ದೀಪಾವಳಿಯ ಬೆಳೆಯಲ್ಲೂ ಅದು ಹೀಗೇ ಇತ್ತು, ಕೆಳಗೆ ಬಿದಿರು ಸ್ಟ್ಯಾಂಡು, ತಟ್ಟೆಯ ಮೇಲೆ ತಟ್ಟೆ, ಹುಳು ಕೊನೆಯ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದಿದ್ದವು, ಮಳೆ ಬಿದ್ದ ಹಾಗೆ ಸೊಪ್ಪು ತಿನ್ನುವ ಸದ್ದು ರಾತ್ರಿ ಹಗಲು, ಆಗ ಬಂದಿದ್ದ ಕದಿರಪ್ಪ, ಟೊಮೊಟೊ ಹಾಕಿಕೊಂಡು ಶ್ಯಾಮಲಳ ಗಂಡನ ಊರು ಮುಳಬಾಗಿಲಿಗೆ ಹೋಗಿ ಬರುವವನು, ಅಕ್ಕಾ, ಶ್ಯಾಮಲ ಕರ್ಕೊಂಡು ಹೋಗೋಕೆ ಬನ್ನಿ ಅಂತಾವ್ಳೆ, ಯಾಕೋ ಭಯ ಆಗ್ತದಂತೆ. ಮೊದಲ ಹೆರಿಗೆ ತವರಲ್ಲೇ ಆಗಬೇಕು, ಆದಿಲಕ್ಷ್ಮಮ್ಮನಿಗೇನು ಗೊತ್ತಿಲ್ಲವೇ, ಆದರೆ ಹುಳು ಇರುವ ಮನೆಗೆ ಹೆರಿಗೆಯ ಮೈಲಿಗೆ ಬಂದರೆ ಒಂದು ಗೂಡೂ ಕಟ್ಟುವುದಿಲ್ಲ, ಅತ್ತೆ ಹಾಗೆ ಹೇಳಿದ್ದರು, ಅತ್ತೆಗೆ ಅವರ ಅತ್ತೆ, ಊರಿಗೆ ಊರೇ ಹಾಗೆ ಹೇಳುತ್ತದೆ, ಇನ್ನೂ ದಿನ ತುಂಬಿಲ್ಲವಲ್ಲ — ಹುಳ ಹಣ್ಣಾಗ್ಲಿ ಕದಿರಪ್ಪ, ಆಮೇಲೆ ಬಂದು ಕರ್ಕೊಂಡು ಬರ್ತೀನಿ ಅಂತ ಹೇಳು. ಅಶ್ವತ್ಥಪ್ಪ ಹೇಳಿದ್ದಲ್ಲ, ಅವಳೇ, ಅವಳ ಬಾಯಿಯೇ.

ಹುಳ ಹಣ್ಣಾದ ದಿನವೇ ಸುದ್ದಿ ಬಂತು. ಮೈಯೆಲ್ಲ ಹಳದಿ ತಿರುಗಿ ತಲೆ ಎತ್ತಿ ಆಡಿಸುವ ಹುಳುಗಳನ್ನು ಆರಿಸಿ ಗೂಡು ಕಟ್ಟುವ ಬಿದಿರು ಚಂದ್ರಿಕೆಗೆ ಬಿಡುತ್ತಾ ಕೂತಿದ್ದಳು, ಬಾಗಿಲಲ್ಲಿ ಯಾರೋ ಅಳುತ್ತಿದ್ದರು, ಹೆಣ್ಣು ಮಗು, ಮಗು ಚೆನ್ನಾಗೈತೆ, ತಾಯಿಗೆ ರಕ್ತ ನಿಲ್ಲಲಿಲ್ಲ, ಆಸ್ಪತ್ರೆಗೆ ಅಂತ ಲಾರೀಲಿ ಹಾಕಿದ್ರು ದಾರೀಲೇ — ಅವಳು ಅಂಗೈಯಲ್ಲಿದ್ದ ಹುಳುಗಳನ್ನು ಒಂದೊಂದಾಗಿ ಚಂದ್ರಿಕೆಗೆ ಬಿಟ್ಟು, ಆಮೇಲೆ ಎದ್ದಳು. ಯಾಕೆ ಬಿಟ್ಟು ಎದ್ದಳೋ, ಇವತ್ತಿಗೂ ಗೊತ್ತಿಲ್ಲ. ಹೆರಿಗೆಯ ಮೈಲಿಗೆ ಬೇಡವೆಂದ ಮನೆಗೆ ಸಾವಿನ ಸೂತಕ ಬಂತು, ಬಾಗಿಲು ದಾಟಿ ಒಳಗೇ ಬಂದು ಕೂತಿತು, ಹುಳುಗಳಿಗೆ ಏನೂ ಆಗಲಿಲ್ಲ. ಗೂಡು ಕಟ್ಟಿದವು. ಆ ಸಲದಂಥ ಗೂಡು ಮುಂಚೆ ಬಂದಿರಲಿಲ್ಲ, ಮಾರ್ಕೆಟ್ಟಿನಲ್ಲಿ ಎಲ್ಲರೂ ಕೈಗೆತ್ತಿಕೊಂಡು ನೋಡಿದರಂತೆ. ಅಂದಿನಿಂದ ಅವಳು ಅತ್ತಿಲ್ಲ. ಸುದ್ದಿ ಕೇಳಿ ಹೋದಾಗ ಅಲ್ಲಿ, ಮುಳಬಾಗಿಲಿನಲ್ಲಿ, ಬೀಗಿತಿ ವೆಂಕಟರತ್ನಮ್ಮ ಮಗುವನ್ನು ತಂದು ಇವಳ ತೊಡೆಯ ಮೇಲಿಟ್ಟಿದ್ದಳು, ನೋಡು ಅತ್ತಿಗೇ, ನಿನ್ನ ಮಗಳ ಮೂಗೇ, ಮಗು ಇವಳ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು, ಬಸ್ಸಿಗೆ ಹೊತ್ತಾಗಿತ್ತು, ಬಿಡಿಸಿಕೊಂಡು ಬಂದಳು.

ನಿನ್ನೆ ಸಂಜೆ ಮತ್ತೆ ಕದಿರಪ್ಪ. ತೊಟ್ಟಿಲ ಧೂಳು ಇನ್ನೂ ಅವಳ ಕೈಯಲ್ಲೇ ಇತ್ತು. ಅಳಿಯನಿಗೆ ಬೇರೆ ಹೆಣ್ಣು ನೋಡವ್ರೆ ಅಕ್ಕಾ, ಶ್ರಾವಣದಲ್ಲಿ ಮದ್ವೆ, ಮಗು ಇದ್ರೆ ಹೆಣ್ಣು ಕೊಡಲ್ಲ ಅಂತಾರಂತೆ, ಸೋಮವಾರದೊಳಗೆ ನೀವು ಬಂದು ಕರ್ಕೊಂಡು ಹೋಗ್ಬೇಕಂತೆ, ಇಲ್ಲಾಂದ್ರೆ ಮದನಪಲ್ಲಿ ಕಡೆ ಯಾರೋ ಮಕ್ಕಳಿಲ್ಲದೋರು ಕೇಳ್ತಾವ್ರೆ, ಕೊಟ್ಬಿಡ್ತಾರಂತೆ, ಪಾಪ ಈಗ ಅಂಬೆಗಾಲಿಡ್ತದೆ ಅಕ್ಕಾ. ಅಶ್ವತ್ಥಪ್ಪ ಬೀಡಿ ಹಚ್ಚಿ ಸೇದಿ ಮುಗಿಸಿದ, ಆಮೇಲೆ, ಶುಕ್ರವಾರ ಹುಳ ಬರ್ತಾವೆ, ಮಗೂನ ಎಲ್ಲಿ ಮಲಗಿಸ್ತೀಯ, ಇರೋ ನಾಲ್ಕು ಗೋಡೆ ಹುಳಕ್ಕೇ ಸಾಲಲ್ಲ, ಹುಳ ಹಣ್ಣಾಗ್ಲಿ, ಆಮೇಲೆ ಹೋಗಿ ಕರ್ಕೊಂಡು ಬರೋಣ, ಅಷ್ಟು ದಿನ ಇರ್ಲಿ ಅಂತ ಹೇಳಿಬಿಡು ಕದಿರಪ್ಪ — ಕಲ್ಲೆದೆಯವನಲ್ಲ, ಅದಕ್ಕೇ ತೊಟ್ಟಿಲನ್ನೂ ಕಣ್ಣೆದುರು ಇಟ್ಟುಕೊಳ್ಳಲಾರ, ಅವಳಿಗೆ ಗೊತ್ತು. ಹುಳ ಹಣ್ಣಾಗ್ಲಿ. ಆ ಮಾತು ಕೇಳಿದಾಗಲೂ ಏನೂ ಅನ್ನಿಸಲಿಲ್ಲ, ಯಾರೋ ಬೇರೆಯವರ ಮನೆಯ ವಿಷಯ ಎನ್ನುವಂತೆ ಹೂಂ ಅಂದಳು, ಕದಿರಪ್ಪ ಅವಳ ಮುಖವನ್ನೇ ನೋಡುತ್ತಿದ್ದ, ನಾಳೆ ಸಂಜೆ ಹೊರಡ್ತೀನಿ ಅಕ್ಕಾ, ಅಷ್ಟರಲ್ಲಿ ಹೇಳಿ, ಅಂದು ಹೋದ. ನಾಳೆ ಅಂದರೆ ಇವತ್ತು.

ಟ್ರಂಕಿನ ಮೇಲೆ ಹತ್ತಿದಳು, ಅದು ಲೊಟಕ್ಕೆಂದಿತು, ಇನ್ನು ಇದೊಂದು ಕಿತ್ತರೆ ಮನೆ ಪೂರ್ತಿ ಖಾಲಿ, ದಿನಕ್ಕೊಂದು ಕೋಣೆ, ಮೆತ್ತಗೆ, ಸುಸ್ತಾಗದ ಹಾಗೆ, ಎಷ್ಟು ಸಲೀಸಾಗಿ ಮುಗಿಯಿತು, ಇಕ್ಕಳದ ಬಾಯಿ ಅಗಲಿಸಿ ಕೊಂಡಿಗೆ ಕೊಟ್ಟಳು, ತುಕ್ಕಿನ ಪುಡಿ ಕಣ್ಣಿಗೆ ಬಿತ್ತು, ಒರೆಸಿಕೊಂಡಳು, ಎಷ್ಟು ತುಕ್ಕು ತಿಂದಿದೆ ನೋಡೋಣವೆಂದು ಒಳಬದಿಗೆ ಬೆರಳು ಹಾಕಿದಳು — ತುಕ್ಕಿಲ್ಲ, ನುಣ್ಣಗಿದೆ, ಇಷ್ಟು ವರ್ಷವಾದರೂ ನುಣ್ಣಗೇ ಇದೆ, ಬೆರಳು ಆ ಬಾಗಿನಲ್ಲಿ ಕೂತುಬಿಟ್ಟಿತು, ಕಣ್ಣಿಂದ ನೀರು ಇಳಿಯುತ್ತಿದೆ, ತುಕ್ಕು ಬಿದ್ದಿದ್ದಕ್ಕೋ ಏನೋ, ನಿಲ್ಲುತ್ತಿಲ್ಲ, ಆಚೆಯಿಂದ ಅಶ್ವತ್ಥಪ್ಪ ಕೂಗಿದ, ಬಂತೇನೇ, ಇಕ್ಕಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಏನೇ ಅದು, ಬಂತಾ. ಬರಲ್ಲ ಇದು, ಅಂದಳು, ತನ್ನದೇ ದನಿ, ಬಹಳ ದಿನದ ಮೇಲೆ ಕೇಳುತ್ತಿದ್ದಾಳೆ, ಬರಲ್ಲ ಕಣ್ರೀ, ಆ ಸ್ಟ್ಯಾಂಡು ಆಚೆಗೆ ತಗೊಳ್ಳಿ, ಈ ಕೋಣೆ ಹುಳಕ್ಕೆ ಬೇಡ, ಕದಿರಪ್ಪನ್ನ ಕರೀರಿ, ಅವನ ಜೊತೇಲೇ ಹೋಗ್ತೀನಿ. ಆಚೆ ತಟ್ಟೆ ತೊಳೆಯುವ ನೀರಿನ ಸದ್ದು ನಿಂತಿತು. ಅವಳು ಇಳಿಯಬೇಕು, ಸೀರೆ ಬದಲಾಯಿಸಬೇಕು, ತೊಟ್ಟಿಲಿಗೆ ಸರಪಣಿ ಹಾಕಬೇಕು, ಮೊದಲು ಇಳಿಯಬೇಕು, ಬೆರಳು ಬಿಡಿಸಿಕೊಂಡು ಇಳಿಯಬೇಕು, ಬೆರಳು, ಕೊಂಡಿ, ಹೊರಗೆಲ್ಲ ತುಕ್ಕು, ಒಳಗೆ ನುಣುಪು, ಕೊಂಡಿ.